ಕಾಗದದ ಹೂವಿಗೊಂದು ಟೇಬಲ್

ನಮ್ಮನೆಗೆ ಬಂದವರು ಯಾರೂ ಮೊದಲು ಕೂರುವುದಿಲ್ಲ, ಚಿವುಟುತ್ತಾರೆ. ಹೂದಾನಿ ಹತ್ತಿರ ಹೋಗಿ ಒಂದು ಎಸಳು ಹಿಂಡಿ, "ಅಯ್ಯೋ, ಪೇಪರ್ರಾ!" ಅಂದಮೇಲೇ ಸೋಫಾ. ಗ್ಯಾಸ್ ಸಿಲಿಂಡರ್ ತಂದ ಭಯ್ಯಾ ಕೂಡ ಬಿಟ್ಟಿಲ್ಲ. ಕಾಗದದ ಹೂ ಮಾಡುವವಳ ಮನೆಯಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ.

ನನ್ನವರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಹಾಗಾಗಿ ದೆಹಲಿಯ ದ್ವಾರಕಾದ ಈ ಅಪಾರ್ಟ್‌ಮೆಂಟ್ ಸೊಸೈಟಿಗೆ ಬಂದೆವು. ಹೂ ಮಾಡುವುದು ನನಗೆ ಹೈಸ್ಕೂಲಿನ ಕ್ರಾಫ್ಟ್ ಟೀಚರ್ ಕಲಿಸಿದ್ದು. ಇಲ್ಲಿ ನನಗಿದ್ದದ್ದು ಒಂದೇ ಆಸೆ: ಫೆಬ್ರವರಿಯಲ್ಲಿ ಸೊಸೈಟಿ ಪಾರ್ಕಿನಲ್ಲಿ ನಡೆಯುವ ಫ್ಲವರ್ ಶೋದಲ್ಲಿ ನನ್ನ ಹೂವಿಗೊಂದು ಟೇಬಲ್. ಪ್ರತಿವರ್ಷ ಕೇಳುತ್ತಿದ್ದೆ. ನಮ್ಮ ಸೊಸೈಟಿ ಸೆಕ್ರೆಟರಿ ನಿವೃತ್ತ ಆಫೀಸರು, ಡೇಲಿಯಾ ಬೆಳೆಯುವುದರಲ್ಲಿ ಎತ್ತಿದ ಕೈ. ಅವರದು ಪ್ರತಿವರ್ಷ ಒಂದೇ ಮಾತು: "ಭಾಭೀಜಿ, ಇದು ಫ್ಲವರ್ ಶೋ. ನಿಮ್ಮದು ಸ್ಟೇಷನರಿ."

ಸ್ಟೇಷನರಿಯಂತೆ! ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ನಾನೂ ಬಿಡುವವಳಲ್ಲ.

೧. ಫ್ರಿಜ್ಜಿನಲ್ಲಿ ಮಲ್ಲಿಗೆ

ದೆಹಲಿಯ ಚಳಿಯಲ್ಲಿ ಮಲ್ಲಿಗೆ ಎಲ್ಲಿಂದ ತರೋದು? ಮುನಿರ್ಕಾದಲ್ಲಿ ಕನ್ನಡದವರೊಬ್ಬರ ಮನೆಗೆ ಸಂಕ್ರಾಂತಿ ಎಳ್ಳಿಗೆ ಕರೆದಿದ್ದರು. ಬೋಳು ಜಡೆಯಲ್ಲಿ ಹೋಗುವುದೇ? ಬಿಳಿ ಕಾಗದದಲ್ಲಿ ಮೊಗ್ಗು ಮಾಡಿ, ಎರಡು ಮೊಳ ಕಟ್ಟಿ, ಅಡುಗೆಮನೆ ಕಟ್ಟೆ ಮೇಲಿಟ್ಟು ಸ್ನಾನಕ್ಕೆ ಹೋದೆ.

ಊರಿಂದ ಬಂದಿದ್ದ ಅತ್ತೆಗೆ ಕಣ್ಣು ಸ್ವಲ್ಪ ಮಂಜು. ಪಾಪ, ಹೂ ಬಾಡೀತೆಂದು ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದಾರೆ. ಹೊರಡುವ ಹೊತ್ತಿಗೆ ಡಬ್ಬಿ ತೆಗೆದರೆ ಒಳಗೆ ಮೊಗ್ಗೆಲ್ಲ ಕರಗಿ ಇಡ್ಲಿ ಹಿಟ್ಟು!

"ಅತ್ತೇ, ಅದು ಕಾಗದ!"

ಅತ್ತೆ ಸೋಲುವ ಪೈಕಿಯೇ? "ಮಲ್ಲಿಗೆ ಥರ ಮಾಡಿದ್ಮೇಲೆ ಮಲ್ಲಿಗೆ ಥರಾನೇ ನೋಡ್ಕೋತೀನಿ. ನೀರು ತಡೆಯೋ ಹಾಗೆ ಮಾಡೋಕೆ ನಿಂಗೇನು ದಾಡಿ?"

ಮಾತು ನಾಟಿತು. ಅಂದಿನಿಂದ ನನ್ನ ಹೂವನ್ನೆಲ್ಲ ಕರಗಿಸಿದ ಮೇಣದಲ್ಲಿ ಅದ್ದಿ ತೆಗೆಯುತ್ತೇನೆ. ಅತ್ತೆ ಬಂದಾಗಲೆಲ್ಲ ಒಂದು ಲೋಟ ನೀರು ಸುರಿದು ಪರೀಕ್ಷೆ ಮಾಡುತ್ತಾರೆ.

೨. ಕಾರಿನ ಮೇಲೆ ನೀರು

ಮೇಣ ಹತ್ತಿದ ಮೇಲೆ ನನಗೂ ಧೈರ್ಯ ಬಂತು. ಟೇಬಲ್ ಕೊಡದಿದ್ದರೆ ಕತ್ತೆ ಬಾಲ, ಬಾಲ್ಕನಿ ನನ್ನದೇ ತಾನೇ? ಸಾಲಾಗಿ ಕುಂಡ ಇಟ್ಟು, ಕೆಂಪು ಸೇವಂತಿಗೆ ಸಿಕ್ಕಿಸಿದೆ. ಕೆಳಗಿನಿಂದ ನೋಡಿದವರಿಗೆ ಅಸಲಿ ತೋಟವೇ. ಸೆಕ್ರೆಟರಿ ಕಾರು ನಿಲ್ಲುವುದು ಅದರ ಕೆಳಗೆ.

ಒಂದು ಬೆಳಗ್ಗೆ ಅವರು ಬುಸುಗುಡುತ್ತಾ ಬಂದರು. "ಭಾಭೀಜಿ, ನಿಮ್ಮ ಗಿಡಗಳ ನೀರೆಲ್ಲ ನನ್ನ ಕಾರಿನ ಮೇಲೆ! ಇವತ್ತೇ ತೆಗೆಸಿ!"

ನನ್ನವರು ಪೇಪರಿನ ಹಿಂದಿನಿಂದ, "ಸಾರಿ ಅಂದ್ಬಿಡೇ, ಇಲ್ಲೇ ಬಾಳಬೇಕು," ಎಂದು ಪಿಸುಗುಟ್ಟಿದರು. ಮಗಳು, "ಅಂಕಲ್, ವೋ ತೋ..." ಎಂದು ಬಾಯಿ ತೆರೆದಳು. ಕಣ್ಣಲ್ಲೇ ಗದರಿ ಸುಮ್ಮನಾಗಿಸಿದೆ.

"ಭಾಯಿಸಾಬ್, ಸ್ಟೇಷನರಿಗೆ ಯಾರಾದ್ರೂ ನೀರು ಹಾಕ್ತಾರಾ?"

ಅವರು ಬಾಲ್ಕನಿಗೆ ನುಗ್ಗಿ, ಕಂಬಿಯಾಚೆ ಬಗ್ಗಿ ಒಂದು ಹೂ ಚಿವುಟಿದರು. ಕೈಗೆ ಮೇಣ ಹತ್ತಿತು. ಅಷ್ಟರಲ್ಲಿ ಅವರ ಬೋಳುತಲೆ ಮೇಲೆ ಟಪ್ ಎಂದು ಒಂದು ಹನಿ. ತಲೆಯೆತ್ತಿ ನೋಡಿದರೆ, ನಮ್ಮ ಮೇಲಿನ ಮಹಡಿಯ ಅವರದೇ ಬಾಲ್ಕನಿಯಲ್ಲಿ, ಅವರದೇ ಹೆಂಡತಿ ಡೇಲಿಯಾಗೆ ನೀರು ಹಾಕುತ್ತಿದ್ದರು!

೩. ಮೊದಲು ಟೇಬಲ್

ಇದಾದ ಮೇಲೆ ಟೇಬಲ್ ಸಿಕ್ಕೀತೇ? ಸೆಕ್ರೆಟರಿ ಇನ್ನೂ ಬಿಗಿದುಕೊಂಡರು. ಆದರೆ ಶೋ ಹಿಂದಿನ ದಿನ ಅವರ ಹೆಂಡತಿ ಮೆಲ್ಲಗೆ ಬಂದರು. "ಡೇಲಿಯಾ ತಲೆ ಭಾರ ಆಗಿ ದಂಟು ಬಾಗ್ತಿದೆ. ನೀವು ಕಾಗದದ ಹೂವಿನ ದಂಟಿಗೆ ಹಾಕೋ ತಂತಿ, ಹಸಿರು ಟೇಪ್ ಸ್ವಲ್ಪ ಕೊಡ್ತೀರಾ? ನಿಮ್ಮಿಂದ ತಂದೆ ಅಂತ ಇವರಿಗೆ ಹೇಳಲ್ಲ." ಕೊಟ್ಟೆ. ಹೂವಿನ ಮೇಲೆ ನನಗೇನು ದ್ವೇಷ?

ಮರುದಿನ ನಾನೂ ಒಂದು ಬುಟ್ಟಿ ಹೂ ಹೊತ್ತು ಪಾರ್ಕಿಗೆ ಹೋದೆ. ಟೇಬಲ್ ಇಲ್ಲದಿದ್ದರೆ ನಿಂತೇ ತೋರಿಸುತ್ತೇನೆ, ಯಾರು ತಡೆಯುತ್ತಾರೋ ನೋಡೋಣ! ತೀರ್ಪುಗಾರರಾಗಿ ಹೊರಗಿನ ಮೇಡಂ ಒಬ್ಬರು ಬಂದಿದ್ದರು. ಸೆಕ್ರೆಟರಿ ಅವರ ಕಿವಿಯಲ್ಲಿ, "ಇಲ್ಲೊಬ್ಬ ಮದ್ರಾಸಿ ಭಾಭಿ ಕಾಗದದ ಹೂ ಮಾಡ್ತಾರೆ. ಅಸಲಿ ಕುಂಡಕ್ಕೆ ಸಿಕ್ಕಿಸಿಬಿಟ್ಟಾರು, ಹುಷಾರು," ಅಂದರು.

"ಮದ್ರಾಸಿ ಅಲ್ಲ, ಕನ್ನಡದವಳು!" ಎಂದು ನಾನು ಹಿಂದಿನಿಂದಲೇ ಕೂಗಿದೆ.

ಮೇಡಂ ನಿಜಕ್ಕೂ ಹುಷಾರಾದರು. ಒಂದೊಂದೇ ಕುಂಡ ನೋಡುತ್ತಾ ಸೆಕ್ರೆಟರಿಯ ತಟ್ಟೆಯಗಲದ ಡೇಲಿಯಾ ಮುಂದೆ ನಿಂತರು. ದಂಟಿನಲ್ಲಿ ತಂತಿ, ಅದರ ಮೇಲೆ ಹಸಿರು ಟೇಪ್. "ಇದೇ ಕಾಗದ!" ಎಂದು ಚಿವುಟಲು ಕೈ ಚಾಚಿದರು.

"ಚಿವುಟಬೇಡಿ!" ಸೆಕ್ರೆಟರಿ ಚೀರಿದರು. ಎಸಳಿಗೆ ಗಾಯವಾದರೆ ಬಹುಮಾನ ಹೋದ ಹಾಗೇ.

"ಚಿವುಟೋಕೆ ಬಿಡದಿದ್ರೆ ಇದು ಕಾಗದಾನೇ. ಸ್ಪರ್ಧೆಯಿಂದ ಹೊರಗೆ," ಅಂದರು ಮೇಡಂ.

ಸೆಕ್ರೆಟರಿ ಆಣೆ ಇಟ್ಟರು. ಅವರ ಹೆಂಡತಿ ಆಕಾಶ ನೋಡುತ್ತಾ ನಿಂತರು. ಗುಂಪಿನಲ್ಲಿ ಯಾರೋ, "ಆ ಭಾಭೀನೇ ಕೇಳಿ. ತಮ್ಮ ಕೈಕೆಲಸ ಅವರಿಗೆ ಗೊತ್ತಾಗಲ್ವಾ?" ಅಂದರು. ಮೇಡಂ ಒಪ್ಪಿದರು. ಎಲ್ಲರೂ ನನ್ನತ್ತ ತಿರುಗಿದರು.

"ಭಾಭೀಜಿ, ಒಂದು ಮಾತು ಹೇಳಿ, ಪ್ಲೀಸ್," ಅಂದರು ಸೆಕ್ರೆಟರಿ.

"ಟೇಬಲ್," ಅಂದೆ.

"ಏನು?"

"ಮೊದಲು ಟೇಬಲ್. ಆಮೇಲೆ ಸಾಕ್ಷಿ."

ಮಗಳು ನನ್ನ ಸೆರಗು ಜಗ್ಗಿದಳು. "ಅಮ್ಮಾ, ಚಲೋ ನಾ, ಸಬ್ ದೇಖ್ ರಹೇ ಹೈಂ!"

"ನೋಡ್ಲಿ ಬಿಡೇ. ನೋಡ್ಲಿ ಅಂತಾನೇ ಬಂದಿರೋದು!"

ಸೆಕ್ರೆಟರಿ ತಾವೇ ಟೇಬಲ್ ಹೊತ್ತು ತಂದರು. ಪಾರ್ಕಿನ ನಟ್ಟನಡುವೆ ಹಾಕಿಸಿದೆ. ಬಟ್ಟೆಯನ್ನೂ ಅವರಿಂದಲೇ ಹಾಸಿಸಿದೆ. ನನ್ನ ಗುಲಾಬಿ, ಸೇವಂತಿಗೆ, ಮಲ್ಲಿಗೆಗಳನ್ನು ನಿಧಾನವಾಗಿ ಜೋಡಿಸಿದೆ. ಎದೆ ತುಂಬಿ ಬಂತು. ಆಮೇಲೆ ಕನ್ನಡಕ ಹಾಕಿಕೊಂಡು ಡೇಲಿಯಾ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ.

"ಮೇಡಂ, ಇದು ಖಂಡಿತ ನನ್ನದಲ್ಲ."

ಸೆಕ್ರೆಟರಿ ಉಸ್ಸಪ್ಪಾ ಎಂದು ಉಸಿರು ಬಿಟ್ಟರು.

"ಇಲ್ಲಿ ನೋಡಿ, ಹಿಂದಿನ ಎಸಳನ್ನ ಹುಳ ತಿಂದಿದೆ. ಇಂಥ ಮಾಲನ್ನ ನಾನು ಮನೆಯಿಂದ ಹೊರಗೇ ಬಿಡಲ್ಲ!"