ಚನ್ನವೀರನ ಜಾಣ ಫ್ಲೆಕ್ಸು

“ಮಾವಾರ, ಇದು ಬರೇ ಫ್ಲೆಕ್ಸ್ ಅಲ್ಲ. ಇದಕ್ಕ ಕಣ್ಣ ಅದಾವ,” ಎಂದ ನನ್ನ ಹೆಂಡತಿಯ ತಮ್ಮ ಚನ್ನವೀರ. ನಮ್ಮ ಖಾನಾವಳಿಯ ಬಾಗಿಲ ಮೇಲೆ ಬಾಗಿಲಿಗಿಂತ ದೊಡ್ಡ ಕರೆಂಟಿನ ಪರದೆಯೊಂದನ್ನು ತೂಗುಹಾಕಿ, ಏಣಿಯ ಮೇಲೆಯೇ ಎದೆಯುಬ್ಬಿಸಿ ನಿಂತಿದ್ದ.

ಚನ್ನವೀರನಿಗೆ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡ್ ಹಿಂದೆ ಫ್ಲೆಕ್ಸ್ ಮುದ್ರಿಸುವ ಅಂಗಡಿ ಇದೆ. ಊರಿನಲ್ಲಿ ಯಾರೇ ಹುಟ್ಟಲಿ, ಸಾಯಲಿ, ಚುನಾವಣೆಗೆ ನಿಲ್ಲಲಿ, ಅವರ ಮುಖವನ್ನು ಬೆಳ್ಳಗೆ ಮಾಡುವವನು ಇವನೇ. ಉಳಿದ ಹೊತ್ತಿನಲ್ಲಿ ಯಂತ್ರ ಕಂಡುಹಿಡಿಯುತ್ತಾನೆ. ಹೋದ ವರ್ಷ ಅವನು ಮಾಡಿದ್ದ ರೊಟ್ಟಿ ಬಡಿಯುವ ಯಂತ್ರ ರೊಟ್ಟಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಬಡಿದಿತ್ತು, ನನ್ನನ್ನೂ ಸೇರಿಸಿ. ಆದರೂ ಈ ಸಲ ನಾನು ಒಪ್ಪಿದೆ. ಒಪ್ಪದೆ ಗತಿಯಿರಲಿಲ್ಲ.

ಎದುರಿಗೆ ಬಸೆಟ್ಟೆಪ್ಪನ ‘ಹೊಸ ಗ್ರ್ಯಾಂಡ್’ ಹೋಟೆಲು ಶುರುವಾದಾಗಿನಿಂದ ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟುತ್ತಿದ್ದರು. ಅವನ ಫ್ಲೆಕ್ಸಿನಲ್ಲಿ ಊಟದ ತಟ್ಟೆ ಗಾಡಿಯ ಗಾಲಿಯಷ್ಟಿತ್ತು. ನಮ್ಮಲ್ಲಿ ತಿಂಗಳೂಟಕ್ಕಿದ್ದ ಪಾಟೀಲ ಮಾಸ್ತರರೂ ಅತ್ತ ಹೋದ ದಿನ ನನ್ನ ಹೆಂಡತಿ ದಾನಮ್ಮ ಹಿಟ್ಟು ನಾದುವುದನ್ನು ನಿಲ್ಲಿಸಿ ಕೈ ತೊಳೆದುಕೊಂಡಳು. “ದೀಪಾವಳಿ ತನಕ ನೋಡೂಣ್ರಿ. ಆಮ್ಯಾಲೆ ಬಾಗಲಾ ಹಾಕೂಣು,” ಎಂದಳು. ಅದು ನನ್ನ ಅವ್ವ ತೆರೆದ ಖಾನಾವಳಿ. ನನಗೆ ಆ ರಾತ್ರಿ ಊಟ ಸೇರಲಿಲ್ಲ. ನನಗೆ ಊಟ ಸೇರದಿರುವುದು ನಮ್ಮ ಮನೆಯಲ್ಲಿ ದೊಡ್ಡ ಸುದ್ದಿ.

“ದಾರ್ಯಾಗ ಹೋಗಾವರ ಕಣ್ಣ ಇದು ನೋಡತೈತಿ,” ಎಂದು ಚನ್ನವೀರ ವಿವರಿಸಿದ. “ಎಂಥಾ ಚಿತ್ರಕ್ಕ ಜನಾ ನಿಂತ ನೋಡ್ತಾರ, ಅದನ್ನ ಕಲ್ತ ತನ್ನ ಚಿತ್ರಾ ತಾನ ತಿದ್ದಕೊಂತೈತಿ. ‘ಭಾವಚಿತ್ರ’ ಅಂತ ಹೆಸರಿಟ್ಟೀನಿ. ನೋಡಾವರ ಭಾವಕ್ಕ ತಕ್ಕ ಚಿತ್ರ.”

“ಸುಳ್ಳ ಹೇಳತೈತಿ ಅಂದಂಗಾತು,” ಎಂದಳು ದಾನಮ್ಮ.

“ಸುಳ್ಳಲ್ಲಕ್ಕಾ, ಡಿಸೈನ್.”

“ನನ್ನ ರೊಟ್ಟಿ ಇದ್ದಂಗ ತೋರ್ಸು. ಇಲ್ಲಾಂದ್ರ ಇಳಿಸಿ ಒಯ್ಯಿ.”

ಮುಂಜಾನೆ ಪರದೆಯ ಮೇಲೆ ಅವಳ ರೊಟ್ಟಿ ಇದ್ದ ಹಾಗೆಯೇ ಇತ್ತು: ಅಲ್ಲಲ್ಲಿ ಕಪ್ಪು ಚುಕ್ಕೆ, ಪಕ್ಕದಲ್ಲಿ ಬದನೆಕಾಯಿ ಎಣ್ಣೆಗಾಯಿ, ಕಡಲೆಹಿಟ್ಟಿನ ಝುಣಕ. ನಾಲ್ಕು ಜನ ನೋಡದೆ ಹೋದರು. ಪರದೆ ಒಮ್ಮೆ ಮಿಟುಕಿತು, ಕಪ್ಪು ಚುಕ್ಕೆ ಮಾಯವಾಯಿತು. ಹನ್ನೊಂದರ ಹೊತ್ತಿಗೆ ರೊಟ್ಟಿ ಬೆಳ್ಳಗಾಗಿ ಎರಡು ಪಟ್ಟು ಹಿಗ್ಗಿತು. ಮಧ್ಯಾಹ್ನ ಬದನೆಕಾಯಿಗೆ ಪಾಲಿಶ್ ಹೊಡೆದಂಥ ಹೊಳಪು ಬಂತು. ಸಂಜೆ ಝುಣಕದಿಂದ ಎಂಥ ಹೊಗೆ ಏಳತೊಡಗಿತೆಂದರೆ, ಪಕ್ಕದಂಗಡಿಯವನು ಬಕೆಟ್ಟಿನಲ್ಲಿ ನೀರು ತಂದ.

ಜನ ಬಂದರು! ಬೆಂಚುಗಳೆಲ್ಲ ತುಂಬಿದವು. ಆದರೆ ಲಾರಿ ಡ್ರೈವರನೊಬ್ಬ ತನ್ನ ತಟ್ಟೆಯ ರೊಟ್ಟಿಯನ್ನೆತ್ತಿಕೊಂಡು ಹೊರಗೆ ಹೋಗಿ, ಪರದೆಯ ರೊಟ್ಟಿಯ ಪಕ್ಕ ಹಿಡಿದು ನೋಡಿ ಒಳಗೆ ಬಂದ.

“ಯಜಮಾನ್ರ, ಇದು ಅದರ ಮರಿ ಏನ್ರೀ?”

ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ತಂತಮ್ಮ ರೊಟ್ಟಿ ನೋಡಿಕೊಂಡರು, ಆಮೇಲೆ ಯಾರೂ ನಗಲಿಲ್ಲ. ನಾನು ಅಡುಗೆಮನೆಗೆ ಹೋಗಿ, ಸ್ವಲ್ಪ ದೊಡ್ಡದಾಗಿ ಬಡಿಯಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದೆ.

“ಹಂಚ ಇದ್ದಷ್ಟ ರೊಟ್ಟಿ,” ಎಂದಳು ದಾನಮ್ಮ. “ಚಿತ್ರದಷ್ಟ ಬೇಕಂದ್ರ ಬಾವಿ ಮುಚ್ಚಳಾ ತಂದ ಒಲಿ ಮ್ಯಾಲ ಇಡ್ರಿ.”

ಅವತ್ತು ಬಂದವರು ಮರುದಿನ ಬರಲಿಲ್ಲ. ರೊಟ್ಟಿ ಕೆಟ್ಟಿತ್ತೆಂದಲ್ಲ, ಚಿತ್ರ ನೋಡಿ ಬಂದವನಿಗೆ ಒಳ್ಳೆಯ ರೊಟ್ಟಿಯೂ ಮೋಸದಂತೆ ಕಂಡಿತ್ತು. ಚನ್ನವೀರ ಮಾತ್ರ ಎದೆಗುಂದಲಿಲ್ಲ. “ಊಟಾ ತೋರ್ಸಿದ್ದ ತಪ್ಪಾತು. ನಂಬಿಕಿ ತೋರ್ಸಬೇಕು. ಮಾಲಕರ ಮಾರಿ ಹಾಕೂಣು,” ಎಂದ.

ನಾನು ಬೇಡ ಎನ್ನಬೇಕಿತ್ತು. ಬದಲಿಗೆ ಅಂಗಿ ಬದಲಿಸಿಕೊಂಡು ಬಂದೆ.

ನನ್ನ ತಲೆಯಲ್ಲಿ ಕೂದಲು ಕಿವಿಯ ಅಕ್ಕಪಕ್ಕ ಮಾತ್ರ ಉಳಿದಿದೆ. ಹೊಟ್ಟೆಯ ಮಾತು ಬೇಡ. ಆದರೆ ಸಂಜೆಯೊಳಗೆ ಪರದೆಯ ಮೇಲಿನ ನನಗೆ ಕ್ರಾಪು ಬಂದಿತ್ತು. ಮರುದಿನ ಎರಡನೆಯ ಗದ್ದ ಹೋಯಿತು, ಹುಬ್ಬು ದಟ್ಟವಾಯಿತು. ನಾನು ಏನೋ ಕೆಲಸವಿದ್ದವನಂತೆ ಮತ್ತೆ ಮತ್ತೆ ರಸ್ತೆ ದಾಟಿ ನಿಂತು ನೋಡಿದೆ. ಊರಿನಲ್ಲಿ ಆ ಚಿತ್ರವನ್ನು ಅತಿ ಹೆಚ್ಚು ಹೊತ್ತು ನೋಡಿದವನು ನಾನೇ. ಹಾಗಾಗಿ ಪಾಪ, ಯಂತ್ರ ನನ್ನ ಭಾವಕ್ಕೆ ತಕ್ಕಂತೆಯೇ ತಿದ್ದುತ್ತ ಹೋಯಿತು. ಹೊಸ ಗಿರಾಕಿಯೊಬ್ಬ ಬಂದು, “ಮಾಲಕರು ಇಲ್ಲೇನ್ರಿ? ನೀವು ಅವರ ಅಪ್ಪಾರೇನು?” ಎಂದು ಕೇಳಿದಾಗಲೂ ನನಗೆ ಬುದ್ಧಿ ಬರಲಿಲ್ಲ, ಒಳಗೊಳಗೆ ಖುಷಿಯೇ ಆಯಿತು.

“ಆ ಗಂಡಸು ನನಗ ಗುರ್ತಿಲ್ಲ,” ಎಂದಳು ದಾನಮ್ಮ ಪರದೆ ನೋಡಿ. “ಅಂವ ಒಳಗ ಬಂದ್ರ ನಾ ತಲಿ ಮ್ಯಾಲ ಸೆರಗ ಹಾಕ್ಕೋಬೇಕಾಕ್ಕತಿ.”

ಮರುದಿನ ಖಾನಾವಳಿಗೆ ಬೀಗ ಹಾಕಿ, ನಾವಿಬ್ಬರೂ ಬ್ಯಾಡಗಿಯ ಬೀಗರ ಹೊಸ ಮನೆ ನೋಡಲು ಹೋದೆವು. ಅಲ್ಲಿ ಒಂದು ದಿನ ಉಳಿದು ಮಧ್ಯಾಹ್ನದ ಬಸ್ಸಿಗೆ ತಿರುಗಿ ಬಂದರೆ, ಖಾನಾವಳಿಯ ಮುಂದೆ ಕಾಲಿಡಲು ಜಾಗವಿಲ್ಲ. ಸಂತೋಷದಿಂದ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಆಮೇಲೆ ಪರದೆ ನೋಡಿದೆ.

ನೀಲಿ ಆಕಾಶ, ಬಿಳಿ ಮೋಡ. ಎರಡೂ ಬದಿಗೆ ಉರಿಯುವ ದೀಪ. ನಡುವೆ ನಾನು, ತಲೆಯ ಹಿಂದೆ ಪ್ರಭಾವಳಿ, ಕೊರಳಲ್ಲಿ ಚೆಂಡುಹೂವಿನ ಹಾರ. ಮೇಲೆ ದಪ್ಪ ಅಕ್ಷರದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’. ಕೆಳಗೆ ಸಣ್ಣದಾಗಿ: ‘ವಿ.ಸೂ.: ಊಟದ ವ್ಯವಸ್ಥೆ ಎಂದಿನಂತೆ ಇರುತ್ತದೆ.’

ಚನ್ನವೀರ ಬೆವರುತ್ತ ಓಡಿ ಬಂದ. “ನಿನ್ನಿ ಎದರಿನ ಕಂಬಕ್ಕ ಯಾರೋ ಹಿರ್ಯಾರ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿದ್ರು ಮಾವಾರ. ಜನಾ ಗಾಡಿ ನಿಲ್ಸಿ, ಚಪ್ಪಲ ಬಿಟ್ಟ, ಕೈ ಮುಗದ್ರು. ಇದು ಅದನ್ನ ನೋಡಿ ಕಲ್ತೈತಿ.”

“ತಗಿಯೋ ಮೊದ್ಲ ಅದನ್ನ!”

“ಬದ್ಲಿ ಆಗವಲ್ದು. ಇಷ್ಟ ಮಂದಿ ನೋಡಾಕತ್ತಾರಂದ್ರ ಅದು ಯಾಕ ಬದ್ಲಿ ಮಾಡತೈತಿ?”

ನನ್ನ ಮುಂದೆಯೇ ಪಾಟೀಲ ಮಾಸ್ತರರು ಬೆನ್ನು ಮಾಡಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. “ಚೊಲೋ ಮನಷ್ಯಾ,” ಎಂದರು ಪಕ್ಕದವರಿಗೆ. “ಮಜ್ಜಿಗಿ ಭಾಳ ತೆಳ್ಳಗ ಕೊಡತಿದ್ದ. ಆದ್ರೂ ಚೊಲೋ ಮನಷ್ಯಾ. ನಾ ಬಿಟ್ಟ ಹ್ವಾದದ್ದನ್ನ ಮನಸಿಗೆ ಹಚ್ಚಿಕೊಂಡನೋ ಏನೋ.”

ಅಷ್ಟರಲ್ಲಿ ಬಸೆಟ್ಟೆಪ್ಪ ತೋಳು ದಪ್ಪದ ಹಾರ ಹಿಡಿದು, ಪರದೆಯಿಂದ ಕಣ್ಣು ಕೀಳದೆ ಬಂದು ಚನ್ನವೀರನ ಕಿವಿಯಲ್ಲಿ ಹೇಳಿದ: “ಕೆಳಗ ‘ಶೋಕತಪ್ತರು’ ಅಂತ ನನ್ನ ಫೋಟೋನೂ ಹಾಕಪಾ. ಸ್ವಲ್ಪ ಬೆಳ್ಳಗ ಮಾಡು. ಅವನಕಿಂತ ಸಣ್ಣದಾಗೂದು ಬ್ಯಾಡ.”

ನನಗೆ ತಡೆಯಲಾಗಲಿಲ್ಲ. “ನಾ ಬದುಕೀನಿ!” ಎಂದು ಕೂಗಿದೆ.

ಎಲ್ಲರೂ ತಿರುಗಿದರು. ನನ್ನನ್ನು ನೋಡಿದರು, ಪರದೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ಮಾಸ್ತರರು ಕನ್ನಡಕ ಸರಿಮಾಡಿಕೊಂಡರು.

“ಶಂಭುಲಿಂಗಪ್ಪ, ನೀನಾ? ಹಂಗಾದ್ರ ನಾವು ಅತ್ತದ್ದು ಯಾರಿಗೆ?”

ನಾನೂ ತಲೆಯೆತ್ತಿ ಪರದೆ ನೋಡಿದೆ. ಮೇಲಿದ್ದವನಿಗೆ ಕೂದಲಿತ್ತು, ಗದ್ದ ಒಂದೇ ಇತ್ತು, ಊರಿಗೆ ಊರೇ ಅವನಿಗಾಗಿ ಮರುಗುತ್ತಿತ್ತು. ಕೆಳಗಿದ್ದ ನಾನು ಬದುಕಿದ್ದೇನೆಂದು ತಿಳಿದು ಯಾರಿಗೂ ಅಷ್ಟೇನೂ ಸಮಾಧಾನವಾದಂತೆ ಕಾಣಲಿಲ್ಲ. ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ನಮ್ಮ ಖಾನಾವಳಿಯ ಕತೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಬದುಕಿದ್ದೂ ಸತ್ತೆನೆಂದವನ ಅಂಗಡಿಯಲ್ಲಿ ಯಾರು ಉಣ್ಣುತ್ತಾರೆ?

ದಾನಮ್ಮ ಸ್ಟೂಲು ಹತ್ತಿ ವೈರು ಕಿತ್ತಳು. ನಾನು ಕಣ್ಣೆದುರೇ ಆರಿಹೋದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜನರ ಕಡೆ ತಿರುಗಿದಳು.

“ನಮ್ಮ ಫ್ಲೆಕ್ಸ್ ಸುಳ್ಳ ಹೇಳೇತಿ. ತಪ್ಪಾತು. ರೊಟ್ಟಿ ಸುಳ್ಳ ಹೇಳೂದಿಲ್ಲ. ಬಂದೀರಿ, ಉಂಡ ಹೋಗ್ರಿ. ಅರ್ಧಾ ತಾಸು ತಡೀರಿ, ಒಲಿ ಹಚ್ಚತೀನಿ.”

ಮೊದಲು ಒಳಗೆ ಹೋದವರು ಪಾಟೀಲ ಮಾಸ್ತರರು. ಒಂದು ರೊಟ್ಟಿ ಮುರಿದು ಚೂರೂ ಬಿಡದೆ ತಿಂದರು. ಆಮೇಲೆ ಎರಡನೆಯದು ಕೇಳಿದರು. ಎದುರಿನ ಹೋಟೆಲಿನ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಸಂಜೆ ದಾನಮ್ಮ ತಮ್ಮನನ್ನು ಕೂರಿಸಿಕೊಂಡು, ತಿದ್ದುವ ಭಾಗವನ್ನು ಕಿತ್ತುಹಾಕಿಸಿ ಹೊಸ ಚಿತ್ರ ಹಾಕಿಸಿದಳು. ಒಂದು ಕಡೆ ಅವಳ ಅಂಗೈ ಮೇಲೆ ಕಪ್ಪು ಚುಕ್ಕೆಯ ರೊಟ್ಟಿ. ಇನ್ನೊಂದು ಕಡೆ ನಾನು, ಎರಡೂ ಗದ್ದಗಳ ಸಮೇತ. ಕೆಳಗೆ ಅವಳು ಹೇಳಿ ಬರೆಸಿದ ಮಾತು: ‘ಮಾಲಕರು ಬದುಕ್ಯಾರ. ರೊಟ್ಟಿ ಇಷ್ಟ ಅಗಲ ಇರ್ತಾವ.’

“ಅಕ್ಕಾ, ಇದರಾಗ ಡಿಸೈನ ಇಲ್ಲ,” ಎಂದು ಚನ್ನವೀರ ಗೋಳಾಡಿದ.

ದೀಪಾವಳಿ ಕಳೆಯಿತು. ನಾವು ಬಾಗಿಲು ಹಾಕಲಿಲ್ಲ. ಬೋರ್ಡು ಓದಿದವರು ನಗುತ್ತ ಒಳಗೆ ಬರುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ. ಕೈ ತೊಳೆದು ಹೋಗುವಾಗ ಮಾತ್ರ ಪ್ರತಿಯೊಬ್ಬರೂ ನನ್ನ ಕಡೆ ಒಮ್ಮೆ ಅನುಮಾನದಿಂದ ನೋಡುತ್ತಾರೆ. ಅದಕ್ಕೇ ದಾನಮ್ಮ ನನಗೊಂದು ಕೆಲಸ ವಹಿಸಿದ್ದಾಳೆ: ಗಲ್ಲಾದ ಹಿಂದೆ ಕೂತು ನಾನು ಆಗಾಗ ಕೆಮ್ಮಬೇಕು.