ನಾಲ್ಕು ತಾಸು ಓಡುವ ಹಿಂದಿ ಸಿನಿಮಾ ಬೇಕಾಗಿದೆ

ಎಲ್ಲರೂ ಮಲಗಿಕೊಂಡೇ ಇರುವ ಕೋಣೆಯಲ್ಲಿ ನಗುವಂಥದ್ದು ಏನು ನಡೆದೀತು ಎಂದು ನೀವು ಕೇಳಬಹುದು. ನಮ್ಮಲ್ಲಿ ವಾರಕ್ಕೆ ಒಂದಾದರೂ ನಡೆಯುತ್ತದೆ. ನಾನು ಬರೆಯುತ್ತಿರುವುದು ಇದೇ ಮೊದಲು. ಏನಾದರೂ ಬಿಟ್ಟುಹೋದೀತೆಂಬ ಭಯಕ್ಕೆ ಎಲ್ಲವನ್ನೂ ವಿವರಿಸಿದ್ದೇನೆ. ಹೆಚ್ಚಾಯಿತು ಅನ್ನಿಸಿದರೆ ದಾಟಿಕೊಂಡು ಓದಿ.

ನನ್ನ ಊರು ಬಸವನ ಬಾಗೇವಾಡಿ. ಕೆಲಸ ನಮ್ಮ ಜಿಲ್ಲೆಯದೇ ಇಂಡಿ ಪಟ್ಟಣದ ಒಂದು ಡಯಾಲಿಸಿಸ್ ಕೇಂದ್ರದಲ್ಲಿ. ಕಿಡ್ನಿ ಕೆಲಸ ನಿಲ್ಲಿಸಿದವರ ರಕ್ತವನ್ನು ಯಂತ್ರದೊಳಗೆ ಹಾಯಿಸಿ, ತೊಳೆದು, ತಿರುಗಿ ಮೈಯೊಳಗೆ ಬಿಡುವುದಕ್ಕೆ ಡಯಾಲಿಸಿಸ್ ಎನ್ನುತ್ತಾರೆ. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ತಾಸು. ನಾನು ನರ್ಸ್ ಅಲ್ಲ, ಟೆಕ್ನಿಷಿಯನ್. ಆದರೂ ಎಲ್ಲರೂ ಸಿಸ್ಟರ್ ಎನ್ನುತ್ತಾರೆ. ತಿದ್ದುವುದನ್ನು ಬಿಟ್ಟಿದ್ದೇನೆ. ನನ್ನ ಕೋಣೆಯಲ್ಲಿ ಮೂರು ಹಾಸಿಗೆ, ಮೂರು ಯಂತ್ರ, ಗೋಡೆಗೆ ಒಂದೇ ಟಿ.ವಿ.

ಸಿನಿಮಾಗಳ ಹೆಸರು ಬರೆದಿಲ್ಲ. ನನಗೆ ಗೊತ್ತಿಲ್ಲವೆಂದಲ್ಲ. ನಮ್ಮ ಕೋಣೆಯಲ್ಲಿ ಯಾರೂ ಸಿನಿಮಾವನ್ನು ಹೆಸರಿನಿಂದ ಕರೆಯುವುದಿಲ್ಲ. "ಅದರೀ, ಅತ್ತಿ ಸೊಸಿ ಇಬ್ರೂ ವಕೀಲರಿರ್ತಾರಲ್ಲ, ಅದು" ಎಂದರೆ ಎಲ್ಲರಿಗೂ ತಿಳಿದುಬಿಡುತ್ತದೆ.

ಎರಡು ತಾಸಿನ ಅಜ್ಜ

ಮೊದಲನೆಯ ಹಾಸಿಗೆ ಹೊರ್ತಿಯ ಅಜ್ಜನದು. ಲಿಂಬೆ ತೋಟದವರು. ಯಾವ ಮಾತಿಗೂ ಬಗ್ಗುವವರಲ್ಲ. ಸರಿಯಾಗಿ ಎರಡು ತಾಸಾದ ಕೂಡಲೆ ಕೈ ಮುಂದೆ ಚಾಚುತ್ತಿದ್ದರು.

"ತಂಗಿ, ಸಾಕ. ಸೂಜಿ ತಗಿ."

"ಅಜ್ಜಾ, ಇನ್ನ ಎರಡ ತಾಸ ಐತಿ."

"ಅರ್ಧ ತೊಳದಿಲ್ಲೇನು? ಉಳದದ್ದು ನಾಡದ ತೊಳಿ."

"ಅಂಗಿ ಅರ್ಧಾ ತೊಳದ ಹಾಕ್ಕೋತಾರೇನ ಅಜ್ಜಾ?"

"ನಾ ಹಾಕ್ಕೋತೇನಿ."

ಹಟ ಹಿಡಿದವರನ್ನು ಕಟ್ಟಿಹಾಕಲು ಬರುವುದಿಲ್ಲ. ಆದರೆ ಅರ್ಧಕ್ಕೆ ಎದ್ದರೆ ನೀರು ಮೈಯಲ್ಲೇ ಉಳಿಯುತ್ತದೆ. ಮೊದಲು ಕಾಲು ಬಾಯುತ್ತವೆ, ಆಮೇಲೆ ನೀರು ಎದೆಗೆ ಏರುತ್ತದೆ. ಒಮ್ಮೆ ಅಜ್ಜನಿಗೆ ಹಾಗೆಯೇ ಆಗಿ, ಉಸಿರು ಸಿಗದೆ, ಜೀಪಿನಲ್ಲಿ ಕೂತಂತೆಯೇ ವಿಜಯಪುರಕ್ಕೆ ಒಯ್ಯಬೇಕಾಯಿತು. ಬದುಕಿ ಬಂದರು. ನಮ್ಮ ಡಾಕ್ಟರು ನನ್ನನ್ನು ಬದಿಗೆ ಕರೆದು, "ಇನ್ನೊಂದ ಸಲ ಹಿಂಗಾದ್ರ ಅಜ್ಜ ಉಳಿಯೂದು ಕಷ್ಟ. ಏನರೆ ಮಾಡವಾ, ನಾಲ್ಕ ತಾಸ ಮಲಗಸು" ಎಂದರು.

ಏನು ಮಾಡುವುದು? ಆಗ ಟಿ.ವಿ.ಯಲ್ಲಿ ಧಾರಾವಾಹಿ ಹಚ್ಚುತ್ತಿದ್ದೆವು. ಅದು ಅರ್ಧ ತಾಸಿಗೊಮ್ಮೆ ಮುಗಿಯುತ್ತದೆ, ಮುಗಿದಾಗಲೆಲ್ಲ ಅಜ್ಜನಿಗೆ ಏಳಲು ಒಂದು ನೆಪ. ನನಗೆ ಹಿಂದಿ ಸಿನಿಮಾದ ಹುಚ್ಚು ಮೊದಲಿನಿಂದಲೂ ಇದೆ. ಮೆಚ್ಚಿದ ಸಿನಿಮಾಗಳನ್ನು ಒಂದು ಪೆನ್‌ಡ್ರೈವಿನಲ್ಲಿ ತುಂಬಿಕೊಂಡಿದ್ದೆ. ಮರುದಿನ ಅದನ್ನು ತಂದು ಟಿ.ವಿ.ಗೆ ಸಿಕ್ಕಿಸಿದೆ.

"ನಂಗ ಭಾಳ ಸೇರಿದ ಸಿನಿಮಾ ಅಜ್ಜಾ. ಕಡೀತನಾ ನೋಡ್ರಿ."

"ಎಷ್ಟ ಉದ್ದ ಐತಿ?"

"ಮೂರ ತಾಸ ನಲವತ್ತ ಮಿನಿಟ."

"ಇದು ಸಿನಿಮಾನೋ, ಸೊಲ್ಲಾಪುರ ಪ್ಯಾಸೆಂಜರ್ ಗಾಡಿಯೋ?" ಎಂದರು ಅಜ್ಜ. ಆದರೂ ಹತ್ತಿದ ಗಾಡಿಯಿಂದ ನಡುವೆ ಇಳಿಯಲಿಲ್ಲ. ಅಂದು ನಾಲ್ಕು ತಾಸು ಮುಗಿದಾಗ ನನಗೇ ಉಸಿರು ಬಂದಂತಾಯಿತು.

ಅಂದಿನಿಂದ ಒಳ್ಳೆಯ ಸಿನಿಮಾ ಎಂದು ಯಾರಾದರೂ ಹೇಳಿದರೆ ನಾನು ನಟ ಯಾರು, ಕಥೆ ಏನು ಎಂದು ಕೇಳುವುದಿಲ್ಲ. "ಎಷ್ಟು ಮಿನಿಟು?" ಎನ್ನುತ್ತೇನೆ. ಎರಡು ತಾಸಿನೊಳಗೆ ಮುಗಿಯುವ ಸಿನಿಮಾಕ್ಕೆ ಎಷ್ಟು ಪ್ರಶಸ್ತಿ ಬಂದಿದ್ದರೂ ನಮ್ಮಲ್ಲಿ ಅದು ಫ್ಲಾಪು.

ಮಳೆಯ ಹಾಡು

ಡಯಾಲಿಸಿಸ್ ಮಾಡಿಸಿಕೊಳ್ಳುವವರು ನೀರನ್ನು ಅಳೆದು ಕುಡಿಯಬೇಕು. ಇದನ್ನು ನಾನೇ ದಿನಾ ಎಲ್ಲರಿಗೂ ಹೇಳುತ್ತೇನೆ. ಹೀಗಿದ್ದೂ ಸಿನಿಮಾ ಆರಿಸುವಾಗ ನನಗೆ ಅದು ನೆನಪಾಗಲಿಲ್ಲ.

ಎರಡನೆಯ ಹಾಸಿಗೆಯಲ್ಲಿ ಸಿಂದಗಿಯ ಅಕ್ಕ ಇರುತ್ತಾಳೆ. ಅಲ್ಲಿ ಬಳೆ ಅಂಗಡಿ ನಡೆಸುತ್ತಿದ್ದಳು, ಈಗ ಇಂಡಿಯ ತಂಗಿಯ ಮನೆಯಲ್ಲಿದ್ದಾಳೆ. ನಾನು ಹಚ್ಚಿದ ಸಿನಿಮಾದಲ್ಲಿ ನಾಯಕಿ ಮಳೆಯಲ್ಲಿ ತೊಯ್ದು ಕುಣಿಯತೊಡಗಿದ ಕೂಡಲೆ ಅಕ್ಕ ತುಟಿ ಸವರಿಕೊಂಡಳು.

"ಸಿಸ್ಟರ್, ಒಂದ ಗುಟುಕ ನೀರ ಕೊಡವಾ."

ಅವಳ ಹಿಂದೆ ಇನ್ನೆರಡು ಹಾಸಿಗೆಗಳಿಂದಲೂ ಅದೇ ಮಾತು. ಗಡಬಡಿಸಿ ಹಾಡನ್ನು ಮುಂದೋಡಿಸಿದೆ. ಜಲಪಾತ ಬಂತು. ಅದನ್ನೂ ಓಡಿಸಿದೆ. ನಾಯಕ ಬಾವಿಕಟ್ಟೆಯ ಹತ್ತಿರ ಬೊಗಸೆ ಒಡ್ಡಿ ನಿಂತಿದ್ದ, ನಾಯಕಿ ಕೊಡದಿಂದ ಸುರಿಯುತ್ತಲೇ ಇದ್ದಳು.

ಅಜ್ಜ ಕೇಳಿದರು, "ಯಾಕ ತಂಗಿ, ಈ ಊರಾಗ ಒಬ್ಬರಿಗೂ ಕಿಡ್ನಿ ತ್ರಾಸ ಇಲ್ಲೇನ?"

ನನ್ನದೇ ತಪ್ಪು ಎಂದು ಮುಂದಿನ ಸಲ ಹುಡುಕಿ ಹುಡುಕಿ ಮರುಭೂಮಿಯ ಸಿನಿಮಾ ತಂದೆ. ಉದ್ದವೂ ಸರಿಯಾಗಿತ್ತು. ಒಂದು ಹನಿ ಮಳೆ ಇರಲಿಲ್ಲ. ನಾಯಕ ಮಾತ್ರ ಮರಳಿನಲ್ಲಿ ತೆವಳುತ್ತ ಒಂದೂವರೆ ತಾಸು "ಪಾನಿ, ಪಾನಿ" ಎಂದ.

ಒತ್ತಿ ಹಿಡಿ

ಇದು ತಿಳಿಯಬೇಕಾದರೆ ಇನ್ನೊಂದು ವಿಷಯ ಹೇಳಬೇಕು. ನಮ್ಮವರಿಗೆ ಹಾಕುವ ಸೂಜಿ ದಪ್ಪ. ತೆಗೆದ ಮೇಲೆ ಆ ಜಾಗವನ್ನು ಹತ್ತು ಮಿನಿಟು ಬೆರಳಿನಿಂದ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ರಕ್ತ ನಿಲ್ಲುವುದಿಲ್ಲ.

ನನಗೆ ಬಹಳ ಇಷ್ಟವಾದ ಒಂದು ಹೊಡೆದಾಟದ ಸಿನಿಮಾ ಹಚ್ಚಿದ್ದೆ. ಅದರಲ್ಲಿ ನಾಯಕ ಆಸ್ಪತ್ರೆಯಲ್ಲಿ ಮಲಗಿರುತ್ತಾನೆ. ತಂಗಿಯನ್ನು ಕಳ್ಳರು ಒಯ್ದರೆಂಬ ಸುದ್ದಿ ಬರುತ್ತದೆ. ಅವನು ಕಣ್ಣು ಕೆಂಪಗೆ ಮಾಡಿ, ಕೈಗೆ ಹಚ್ಚಿದ ಸೂಜಿಗಳನ್ನೆಲ್ಲ ಕಿತ್ತೆಸೆದು ಎದ್ದು ನಿಲ್ಲುತ್ತಾನೆ. ಥಿಯೇಟರಿನಲ್ಲಿ ಈ ಜಾಗದಲ್ಲಿ ಸೀಟಿ ಬಿದ್ದಿದ್ದವು, ನಾನೇ ಕೇಳಿದ್ದೇನೆ.

ನಮ್ಮ ಕೋಣೆಯಲ್ಲಿ ಮೂವರೂ ಒಮ್ಮೆಲೆ ಕೂಗಿದರು.

"ಏ, ಒತ್ತಿ ಹಿಡ್ಯೋ!"

"ಹತ್ತಿ ಇಡ, ಹತ್ತಿ ಇಡ!"

ನಾಯಕ ಕೇಳಲಿಲ್ಲ. ಓಡಿದ. ಅಜ್ಜ ಸಿಟ್ಟಿನಿಂದ ಸೂಜಿಯಿದ್ದ ಕೈಯನ್ನೇ ಮೇಲೆತ್ತಿದರು. ಕೊಳವೆ ಮಡಚಿ ಯಂತ್ರ ಚೀರತೊಡಗಿತು. ನಾನು ಓಡಿಹೋಗಿ ಕೈ ನೆಟ್ಟಗೆ ಮಾಡಿ, ಎಲ್ಲ ಸರಿಯಿದೆಯೆಂದು ನೋಡಿ ನಿಟ್ಟುಸಿರು ಬಿಟ್ಟೆ. ಅಷ್ಟರಲ್ಲಿ ಪರದೆಯ ಮೇಲೆ ನಾಯಕ ಹದಿನೈದು ಮಂದಿಯನ್ನು ಹೊಡೆದು ಕೆಡವಿ ತಂಗಿಯನ್ನು ಬಿಡಿಸಿಕೊಂಡಿದ್ದ. ಯಾರಿಗೂ ಸಂತೋಷವಾಗಲಿಲ್ಲ.

ಸಿಂದಗಿಯ ಅಕ್ಕ ಎಂದಳು, "ಹೊಡದದ್ದೇನ ಹೊಡದ. ಆ ಕೈ ನಾಳಿಗೆ ಬಾತಿರತೈತಿ ನೋಡ."

ಮಾಸ್ತರು ಕಥೆ ಹೇಳಿದ್ದು

ಮೂರನೆಯ ಹಾಸಿಗೆಯವರು ನಿವೃತ್ತ ಮಾಸ್ತರು. ಮುದ್ದೇಬಿಹಾಳದವರು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿದವರು. ಕೇಳಿದ್ದಕ್ಕೂ ಕೇಳದಿದ್ದುದಕ್ಕೂ ಉತ್ತರ ಹೇಳುವ ರೂಢಿ ಅವರಿಗೆ ಉಳಿದಿದೆ.

ಒಂದು ದಿನ ನಾನು ಕೊಲೆಯ ಸಿನಿಮಾ ಹಚ್ಚಿದೆ. ಕೊಂದವನು ಯಾರೆಂದು ಕೊನೆಯ ಐದು ಮಿನಿಟಿನಲ್ಲಿ ಮಾತ್ರ ತಿಳಿಯುತ್ತದೆ. ಅಜ್ಜ ಅಲುಗಾಡದೆ ನೋಡುತ್ತಿದ್ದರು. ನನಗೆ ಸಮಾಧಾನವಾಗಿತ್ತು. ಒಂದೂವರೆ ತಾಸಾಗಿರಬಹುದು, ಅಜ್ಜ ತಮಗೆ ತಾವೇ, "ಯಾರ ಕೊಂದಿರಬೇಕ ಇವನ್ನ?" ಎಂದರು.

"ಅವನ ಮಾವ ಕೊಂದಾನ್ರಿ" ಎಂದು ಮಾಸ್ತರು ಉತ್ತರ ಕೊಟ್ಟುಬಿಟ್ಟರು.

ಅಜ್ಜ ಪರದೆಯಿಂದ ಕಣ್ಣು ತೆಗೆದರು. ಆಮೇಲೆ ಕೈ ಮುಂದೆ ಚಾಚಿದರು. "ಗೊತ್ತಾತಲ್ಲ. ತಗಿ ತಂಗಿ."

ಆ ವಾರ ಅಜ್ಜನ ಕಾಲು ಮತ್ತೆ ಸ್ವಲ್ಪ ಬಾತಿದ್ದವು. ಎರಡೂವರೆ ತಾಸಿನ ಕೆಲಸ ಬಾಕಿ ಇತ್ತು. ನನಗೆ ಸುಳ್ಳು ಹೇಳಿ ರೂಢಿಯಿಲ್ಲ, ಆದರೆ ಬಾಯಿ ತಾನೇ ಹೇಳಿತು, "ಮಾಸ್ತರಿಗೆ ಗೊತ್ತಿಲ್ಲ ಅಜ್ಜಾ. ಮಾವ ಅಲ್ಲ."

"ಅಲ್ಲಾ?" ಎಂದು ಮಾಸ್ತರು ಎದ್ದು ಕೂರಲು ನೋಡಿದರು. "ನಾ ಮೂರ ಸಲ ನೋಡೇನ್ರಿ!"

"ಮೂರ ಸಲಾನೂ ತಪ್ಪ ನೋಡೀರಿ" ಎಂದೆ.

ಅಜ್ಜನಿಗೆ ಉತ್ಸಾಹ ಬಂತು. ಮಾಸ್ತರು ಸೋಲುವುದನ್ನು ನೋಡಿಯೇ ಹೋಗುತ್ತೇನೆಂದು ತಲೆದಿಂಬು ಸರಿಮಾಡಿಕೊಂಡರು. ಮುಂದಿನ ಎರಡೂವರೆ ತಾಸು ಟಿ.ವಿ. ಬಿಟ್ಟು ಕಣ್ಣು ಕದಲಿಸಲಿಲ್ಲ. ಕೊನೆಯಲ್ಲಿ ಬಾಗಿಲು ತೆರೆಯಿತು, ಬೆಳಕು ಬಿತ್ತು, ಮಾವ.

ಅಷ್ಟರಲ್ಲಿ ನಾಲ್ಕು ತಾಸು ಪೂರಾ ಆಗಿತ್ತು. ನನಗೆ ಬೇಕಾದದ್ದು ಅದೇ. ಮಾಸ್ತರು ಮಾತ್ರ ಮೂವತ್ತು ವರ್ಷದ ಧ್ವನಿ ತೆಗೆದು, "ಸಿಸ್ಟರ್, ನೀವು ಈ ಸಿನಿಮಾ ಇನ್ನೊಂದ ಸಲ ಓದಿ ಬರ್ರಿ" ಎಂದರು.

ಟಿ.ವಿ. ಕೆಟ್ಟ ದಿನ

ಹೀಗೆ ಮೂರು ತಿಂಗಳು ನಡೆಯಿತು. ಆಮೇಲೆ ಒಂದು ದಿನ ಟಿ.ವಿ. ಕೆಟ್ಟಿತು. ಯಂತ್ರಗಳಿಗೆ ಏನೂ ಆಗಿರಲಿಲ್ಲ, ಟಿ.ವಿ. ಮಾತ್ರ ಕಪ್ಪಗೆ ಕೂತಿತ್ತು. ಎರಡು ತಾಸು ಆಗುತ್ತ ಬಂತು. ಅಜ್ಜ ಗಡಿಯಾರ ನೋಡಿದರು, ಕೈ ನೋಡಿಕೊಂಡರು.

ಅವರು ಬಾಯಿ ತೆರೆಯುವ ಮೊದಲೇ ನಾನು ಕೋಣೆಯ ನಡುವೆ ನಿಂತು, "ಇವತ್ತ ನಾನ ಸಿನಿಮಾ ಹೇಳ್ತೇನಿ" ಎಂದೆ.

ಸಿನಿಮಾ ಹೇಳುವುದು ಸುಲಭವೆಂದು ನಾನು ತಿಳಿದಿದ್ದೆ. ನನಗೆ ಎಲ್ಲಕ್ಕಿಂತ ಹೆಚ್ಚು ಸೇರಿದ ಸಿನಿಮಾವನ್ನೇ ಆರಿಸಿದೆ. ಅರ್ಧ ತಾಸಿನಲ್ಲಿ ಇಂಟರ್ವಲ್ ಬಂದುಬಿಟ್ಟಿತು. ಹೆದರಿ ಅದಕ್ಕೆ ಇನ್ನೊಂದು ಸಿನಿಮಾ ಜೋಡಿಸಿದೆ. ಆಗ ನಾಯಕ ಒಂದೇ ಹೊತ್ತಿಗೆ ದಿಲ್ಲಿಯ ಜೈಲಿನಲ್ಲೂ ಕಾಶ್ಮೀರದ ಹಿಮದಲ್ಲೂ ಇರಬೇಕಾಯಿತು.

"ಜೈಲನ್ಯಾಗಿಂದ ಕಾಶ್ಮೀರಕ್ಕ ಹ್ಯಾಂಗ ಹ್ವಾದ?" ಎಂದರು ಅಜ್ಜ.

"ಅದು... ಕನಸು ಅಜ್ಜಾ."

"ಅಲ್ಲೆ ಮದವಿ ಆದ್ನಲ್ಲ?"

"ಅದೂ ಕನಸ."

"ಎರಡ ಮಕ್ಕಳಾದ್ವಲ್ಲ?"

ಸಿಂದಗಿಯ ಅಕ್ಕ, "ಅಜ್ಜಾ, ಭಾಳ ಕೆದಕಬ್ಯಾಡ್ರಿ, ಮೊಮ್ಮಕ್ಕಳಾದಾವು" ಎಂದಳು. ನಾನು ಹೇಳುತ್ತಲೇ ಹೋದೆ. ಹಾಡು ಬಂದಲ್ಲಿ ಹಾಡಿದೆ ಕೂಡ, ನನ್ನ ಕಂಠ ಹಾಡುವಂಥದ್ದಲ್ಲ. ನಾಯಕ ಜೈಲಿನಿಂದ ಹೊರಗೆ ಬಂದು ತಾಯಿಯ ಕಾಲಿಗೆ ಬಿದ್ದಾಗ ಅಜ್ಜನ ಯಂತ್ರ ಪೀಂ ಎಂದಿತು. ನಾಲ್ಕು ತಾಸು ಮುಗಿದಿತ್ತು. ನಾನು ಗೋಡೆಗೆ ಆತು ನಿಂತೆ.

ಆಗ ಡಾಕ್ಟರು ಬಂದರು. ಅಜ್ಜನ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ನೀರಿದ್ದರೆ ಅಲ್ಲಿ ಕುಳಿ ಬೀಳುತ್ತದೆ. ಬೀಳಲಿಲ್ಲ.

"ಎದಿ ಸ್ವಚ್ಛ ಐತಿ ಅಜ್ಜಾ. ವಿಜಯಪುರದ ಅಂಜಿಕಿ ಸದ್ಯಕ್ಕ ಹೋತು."

ನನಗೆ ಕಣ್ಣಲ್ಲಿ ನೀರು ಬಂತು. ಡಾಕ್ಟರು ನನ್ನತ್ತ ನೋಡಿ ನಕ್ಕು ಅಜ್ಜನನ್ನು ಕೇಳಿದರು, "ಎರಡ ತಾಸಿಗೆ ಏಳತಿದ್ರಿ. ನಮ್ಮ ಸಿಸ್ಟರ್ ಸಿನಿಮಾ ಅಷ್ಟ ಹಿಡಿಸಿದ್ವೇನು?"

ಅಜ್ಜ ನನಗೆ ಕೇಳಿಸಬಾರದೆಂದು ಧ್ವನಿ ತಗ್ಗಿಸಿದರು. ಹೊರ್ತಿಯವರು ಧ್ವನಿ ತಗ್ಗಿಸಿದರೂ ಕೋಣೆಗೆಲ್ಲ ಕೇಳಿಸುತ್ತದೆ.

"ಏನ ಹೇಳ್ಲಿ ಡಾಕ್ಟರ್ರ. ಅಕಿ ಹಚ್ಚೂ ಸಿನಿಮಾ ಒಂದರೆ ಚಲೋ ಐತೇನು? ಆದ್ರ ಪಾಪ, 'ನಂಗ ಭಾಳ ಸೇರೈತಿ ಅಜ್ಜಾ' ಅಂತ ಮಾರಿ ಮುಂದ ಬಂದ ನಿಂದರತಾಳ. ನಡಬರಕ ಎದ್ದ ಹೋದ್ರ ಹುಡುಗಿ ಮನಸಿಗೆ ಹತ್ತೀತು ಅಂತ ತಡಕೊಂಡ ಮಲಗೇನಿ."

ನಾನು ಸಿಂದಗಿಯ ಅಕ್ಕನ ಮುಖ ನೋಡಿದೆ. ಅವಳು ಚಾದರ ಎಳೆದುಕೊಂಡಳು. ಮಾಸ್ತರ ಮುಖ ನೋಡಿದೆ. ಅವರು ಕೆಟ್ಟ ಟಿ.ವಿ.ಯನ್ನೇ ಗಮನವಿಟ್ಟು ನೋಡುತ್ತಿದ್ದರು.

ಡಾಕ್ಟರು ನಗು ನುಂಗಿಕೊಂಡು, "ಹಂಗಾರ ಸಿನಿಮಾ ಬಂದ ಮಾಡಸ್ಲೇನು?" ಎಂದರು.

"ಛೇ, ಬ್ಯಾಡ್ರಿ!" ಎಂದು ಅಜ್ಜ ಗಾಬರಿಯಾದರು. "ಇಂಥಾ ಸಿನಿಮಾ, ಸೂಜಿ ಹಾಕಿ ಕಟ್ಟಿ ಮಲಗಿಸದ ಹೊರತು ಅಕಿ ಜೋಡಿ ಯಾರ ನೋಡತಾರ್ರಿ?"