ಬಲಗೈ ರಜೆ ಹಾಕಿದ ಮೇಲೆ

ನಮ್ಮ ಮಾಮಾನ ತಲೆಯಲ್ಲಿ ಏನೋ ಸರಿಯಿಲ್ಲ. ಇದು ನನ್ನ ಮಾತಲ್ಲ. ಬೇಗಂಪೇಟೆಯ ಡಾಕ್ಟರೊಬ್ಬರು ಮಾಮಾನ ತಲೆಯ ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು, ಸಾಕ್ಷಿ ಸಮೇತ ಹೇಳಿದ್ದು! ಪಕ್ಕದಲ್ಲಿ ಕೂತಿದ್ದ ಮಾಮಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ, "ನಾ ಲಗ್ನಾದ ಮರುದಿನಾನ ಹೇಳಿದ್ದೆ. ಯಾರು ಕೇಳಿದ್ರು?" ಎಂದರು.

ಮಾಮಾ ನನ್ನ ಅಮ್ಮನ ಅಣ್ಣ. ಕಲಬುರ್ಗಿ ಕಡೆಯಿಂದ ಬಂದು, ಹೈದರಾಬಾದಿನ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಕಡತ ನೋಡಿ ನಿವೃತ್ತರಾದವರು. ಕಡತ ಹೊಟ್ಟೆಪಾಡು, ತಬಲಾ ಪ್ರಾಣ. ಊರಿಗೆ ಊರೇ ಕಂಪ್ಯೂಟರ್ ಕಲಿಯಲು ಓಡುತ್ತಿದ್ದ ಆ ದಿನಗಳಲ್ಲಿ ನನಗೂ ಇಲ್ಲಿ ಸಾಫ್ಟ್‌ವೇರ್ ನೌಕರಿ ಸಿಕ್ಕಿತು. ಮೆಹದಿಪಟ್ಟಣಂನ ಅವರ ಮನೆಯಲ್ಲೇ ಉಳಿದೆ. ಕುಕ್ಕರಿನ ಸೀಟಿ ತಾಳದ ಮೊದಲ ಪೆಟ್ಟಿಗೆ ಸರಿಯಾಗಿ ಕೂಗಲಿಲ್ಲವೆಂದು ಅದನ್ನು ಬೈಯುವ ಮನುಷ್ಯರನ್ನು ನೀವು ಕಂಡಿದ್ದೀರಾ? ನಾನು ದಿನವೂ ಕಾಣುತ್ತಿದ್ದೆ. ಒಮ್ಮೆ ಬಸ್ಸು ಬಿಡಲೆಂದು ಕಂಡಕ್ಟರ್ ತಗಡಿಗೆ ಎರಡು ಪೆಟ್ಟು ಬಡಿದ. ಮಾಮಾ ಸೀಟಿನಿಂದಲೇ, "ತೀಸ್ರಾ ಕಿಧರ್ ಹೈ ಮಿಯಾ?" ಎಂದರು. ಅವರು ಕೇಳಿದ್ದು ಮೂರನೇ ಪೆಟ್ಟನ್ನು. ಅವನು ಮೂರನೇ ಪ್ರಯಾಣಿಕ ಎಂದುಕೊಂಡು, ಹುಟ್ಟೇ ಇರದ ಆ ಪ್ರಯಾಣಿಕನಿಗಾಗಿ ಬಸ್ಸನ್ನು ಎರಡು ನಿಮಿಷ ನಿಲ್ಲಿಸಿಕೊಂಡಿದ್ದ.

ಪ್ರತಿ ಗುರುವಾರ ಸಂಜೆ ಕಾಲೊನಿಯ ಕನ್ನಡದವರ ಭಜನೆ ಇರುತ್ತಿತ್ತು. ಮಾಮಿಯ ಹಾಡು, ಮಾಮಾನ ತಬಲಾ. ಮನೆಗೆ ಬಂದ ಮೇಲೆ ಮಾಮಿಗೆ ತಪ್ಪದೆ ಪಾಠ: "ಹಾಡೂವಾಗ ಎಷ್ಟು ಓಡ್ತಿ? ಹಿಂದ ನಾಯಿ ಬೆನ್ನು ಹತ್ತಿತ್ತೇನು?" ಮಾಮಿ ಸಾರು ಬಿಸಿಗಿಡುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಮಾಮಾನ ಬಲಗೈ ಚಹಾದ ಕಪ್ಪನ್ನು ಎತ್ತಲಿಲ್ಲ. ಕಪ್ಪನ್ನು ನೋಡಿದರು, ಕೈಯನ್ನು ನೋಡಿದರು, ಮತ್ತೆ ಕಪ್ಪನ್ನು ನೋಡಿದರು. "ಮಗಳ, ಈ ಕೈ ಇವತ್ತ ರಜಾ ಹಾಕೇತಿ" ಎಂದರು. ಮೊದಲೇ ಹೇಳಿದೆನಲ್ಲ ಆ ಬೇಗಂಪೇಟೆಯ ಆಸ್ಪತ್ರೆ, ಅಲ್ಲಿಗೆ ನಾವು ಓಡಿದ್ದು ಆವತ್ತೇ. ಮೆದುಳಿನಲ್ಲಿ ಸಣ್ಣದೊಂದು ರಕ್ತದ ಗಡ್ಡೆಯಂತೆ. ಮಾತು, ನೆನಪು ಎಲ್ಲ ನೆಟ್ಟಗಿತ್ತು. ಬಲಗೈ ಮಾತ್ರ ಹೇಳಿದ್ದನ್ನು ಕೇಳುತ್ತಿರಲಿಲ್ಲ, ಕೇಳಿದರೂ ತಡವಾಗಿ ಕೇಳುತ್ತಿತ್ತು.

ಡಾಕ್ಟರು ಒಳ್ಳೆಯವರು. ಸತ್ತ ಜಾಗ ಮತ್ತೆ ಹುಟ್ಟುವುದಿಲ್ಲ, ಆದರೆ ಮಾಡಿದ್ದನ್ನೇ ಮಾಡುತ್ತಿದ್ದರೆ ಮೆದುಳು ಬೇರೆ ದಾರಿ ಹುಡುಕಿಕೊಳ್ಳಬಹುದು, ಎಳವೆಯಿಂದ ವಾದ್ಯ ನುಡಿಸಿದವರ ತಲೆಯಲ್ಲಿ ಎರಡು ಕೈಗಳ ನಡುವೆ ಓಡಾಟ ಹೆಚ್ಚಿರುತ್ತದೆ, ಅದು ನೆರವಿಗೆ ಬಂದರೂ ಬಂದೀತು ಎಂದರು. ಅಷ್ಟು ಸಾಕಾಯಿತು ನಮ್ಮ ಮಾಮಾನಿಗೆ! ಆಗ ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಫ್ಲೈಓವರಿಗೆ ರಸ್ತೆ ಅಗೆದಿದ್ದರು. ಆಟೋದಲ್ಲಿ ಮನೆಗೆ ಬರುತ್ತ ಮಾಮಾ ಆ ಗುಂಡಿಗಳನ್ನು ತೋರಿಸಿ, "ನೋಡಿಲ್ಲೆ. ರಸ್ತಾ ಬಂದ್ ಆತಂತ ಯಾರರ ಆಫೀಸು ಬಿಟ್ಟಾರೇನು? ಗಲ್ಲಿ ಗಲ್ಲಿ ಸುತ್ತಿ ಹೋಗಾಕತ್ತಾರ. ನನ್ನ ತಲ್ಯಾಗ ಗಲ್ಲಿ ಭಾಳ ಅದಾವ" ಎಂದರು. ಮಾಮಿ ಅದನ್ನು ಅಲ್ಲಗಳೆಯಲಿಲ್ಲ.

ಮುಂದಿನ ಗುರುವಾರ ಭಜನಾ ಮಂಡಳಿಯ ಸೆಕ್ರೆಟರಿ ಹಣ್ಣು ಹಿಡಿದು ನೋಡಲು ಬಂದರು. ಹಣ್ಣಿನ ಜೊತೆಗೆ ಒಂದು ಸುದ್ದಿಯನ್ನೂ ತಂದಿದ್ದರು: ಮಂಡಳಿಯವರು ಎಲೆಕ್ಟ್ರಾನಿಕ್ ತಬಲಾ ತಂದಿದ್ದಾರೆ. "ಗುಂಡಿ ಒತ್ತಿದ್ರ ಮುಗೀತ್ರಿ. ನೀವು ಆರಾಮ ಇರ್ರಿ." ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಮಾಮಾನ ಮುಖ ಸಣ್ಣದಾಯಿತು. ಸೆಕ್ರೆಟರಿ ಮೆಟ್ಟಿಲಿಳಿಯುವ ಹೊತ್ತಿಗೆ, "ಆಷಾಢ ಏಕಾದಶಿಗೆ ನಾನ ಕೂಡತೀನಿ. ಆ ಡಬ್ಬಿಗೆ ಹೇಳ್ರಿ" ಎಂದರು. ಏಕಾದಶಿಗೆ ಉಳಿದದ್ದು ಮೂರೇ ತಿಂಗಳು. ಅವರು ಹೋದ ಮೇಲೆ ನನ್ನ ಹತ್ತಿರ ಮೆಲ್ಲಗೆ, "ತಬಲಾ ಹೋದ್ರ ನಾ ಬರೇ ಪೆನ್ಶನ್ ತಗೊಳ್ಳೊ ಮುದುಕ ನೋಡು ಮಗಳ" ಎಂದರು.

ಮರುದಿನ ಬೆಳಿಗ್ಗೆ ನೋಡಿದರೆ ತಬಲಾ ಎಡಗಡೆ ಕೂತಿತ್ತು, ಡಗ್ಗಾ ಬಲಗಡೆ! ಬೆರಳಿನ ಸೂಕ್ಷ್ಮ ಕೆಲಸವೆಲ್ಲ ತಬಲಾದ್ದು, ಅದಿನ್ನು ಎಡಗೈಗೆ. ಗುಂ ಎನ್ನುವ ದಪ್ಪ ಪೆಟ್ಟು ಡಗ್ಗಾದ್ದು, ಅದು ಬಲಗೈಗೆ. ಐವತ್ತು ವರ್ಷದ ಸಂಸಾರವನ್ನು ಅದಲು ಬದಲು ಮಾಡಿದ್ದರು. ಅದರ ಮೊದಲ ವಾರದ ಸದ್ದನ್ನು ಬಣ್ಣಿಸಲು ನನ್ನಿಂದಾಗದು. ಕೆಳಗಿನ ಮನೆಯವರು ಬಂದು ಪೈಪು ಒಡೆದಿದೆಯೇ ಎಂದು ವಿಚಾರಿಸಿ ಹೋದರು.

ಎಡಗೈಗೆ ಒಂಟಿತನ ಕಾಡಬಾರದೆಂದು ಮನೆಯವರೆಲ್ಲ ಎಡಗೈಯಲ್ಲೇ ಕೆಲಸ ಮಾಡಬೇಕೆಂಬ ಹುಕುಂ ಹೊರಟಿತು. "ಊಟಕ್ಕ ಎಡಗೈ ಹಚ್ಚಂದ್ರ ನಾ ತವರಿಗೆ ಹೋಗ್ತೀನಿ" ಎಂದು ಮಾಮಿ ಕಡ್ಡಿ ಮುರಿದಂತೆ ಹೇಳಿದ್ದರಿಂದ ಊಟಕ್ಕೆ ಮಾತ್ರ ವಿನಾಯಿತಿ ಸಿಕ್ಕಿತು. ನನಗೆ ಸಿಕ್ಕ ಶಿಕ್ಷೆ, ಆಫೀಸಿನಲ್ಲಿ ಮೌಸನ್ನು ಎಡಗೈಯಲ್ಲಿ ಹಿಡಿಯುವುದು. ಎರಡು ದಿನ ಬಾಣ ಸ್ಕ್ರೀನಿನ ತುಂಬ ಕುಡಿದವನ ಹಾಗೆ ಅಲೆಯಿತು. ಮೂರನೇ ವಾರಕ್ಕೆ ಸರಿಹೋಯಿತು. ಅಷ್ಟೇ ಅಲ್ಲ, ಆರು ತಿಂಗಳಿಂದ ಕಾಡುತ್ತಿದ್ದ ಬಲ ಮಣಿಕಟ್ಟಿನ ನೋವು ಹೇಳದೆ ಕೇಳದೆ ಹೊರಟುಹೋಗಿತ್ತು! ನನ್ನನ್ನು ನೋಡಿ ಸಾಲಿನ ನಾಲ್ವರು ಮೌಸನ್ನು ಎಡಕ್ಕಿಟ್ಟುಕೊಂಡರು. ಇದು ಯಾವುದೋ ಹೊಸ ವೈರಸ್ ಇರಬೇಕೆಂದು ಕಂಪ್ಯೂಟರ್ ವಿಭಾಗದವನು ಬಂದು ಪರೀಕ್ಷಿಸಿದ.

ಬಲಗೈಗೆ ವ್ಯಾಯಾಮ ಮಾಡಿಸಲು ಆಸ್ಪತ್ರೆಯವರು ರಬ್ಬರ್ ಚೆಂಡೊಂದನ್ನು ಕೊಟ್ಟಿದ್ದರು. ಮಾಮಾ ಅದನ್ನೊಮ್ಮೆ ಹಿಚುಕಿ, "ಇದಕ್ಕ ನಾದ ಇಲ್ಲ" ಎಂದು ಮೂಲೆಗಿಟ್ಟರು. ಅವರ ಕಿವಿ ಹೋದದ್ದು ಮಾಮಿ ಜೋಳದ ರೊಟ್ಟಿ ಬಡಿಯುವ ಸದ್ದಿನ ಮೇಲೆ. ಮೂರು ತಿಂಗಳು ನಮ್ಮ ಮನೆಯ ರೊಟ್ಟಿ ಬಡಿದದ್ದು ಮಾಮಾನ ಬಲಗೈ! ಮೊದಮೊದಲು ತಟ್ಟೆಗೆ ಬರುತ್ತಿದ್ದದ್ದು ರೊಟ್ಟಿಯಲ್ಲ, ಯಾವುದೋ ದೇಶದ ನಕಾಶೆ. ಒಂದು ಕಡೆ ಸುಟ್ಟಿರುತ್ತಿತ್ತು, ಇನ್ನೊಂದು ಕಡೆ ಹಸಿ. ಮಾಮಿ ಪಕ್ಕದಲ್ಲಿ ಕೂತು, "ಒಂದು, ಎರಡು" ಎಂದು ಎಣಿಸುವರು. ಕೈ ನಾಲ್ಕಕ್ಕೆ ಬರುವುದು. "ಬಂತಲ್ಲ, ಸಾಕು" ಎನ್ನುವರು. ರೊಟ್ಟಿ ದುಂಡಗಾಗುತ್ತ ಬಂತು. ಆದರೂ ಕೈ ಮಾತ್ರ ಒಂದು ಕೂದಲೆಳೆಯಷ್ಟು ತಡವಾಗಿಯೇ ಬೀಳುತ್ತಿತ್ತು.

ಏಕಾದಶಿ ಬಂತು. ಕಾಲೊನಿಯ ಹಾಲ್ ತುಂಬಿತ್ತು. ಸೆಕ್ರೆಟರಿ ಯಾವುದಕ್ಕೂ ಇರಲಿ ಎಂದು ಡಬ್ಬಿಯನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಮಾಮಾ ತಬಲಾ ಡಗ್ಗಾಗಳನ್ನು ಉಲ್ಟಾ ಇಟ್ಟುಕೊಂಡು, ಹೊಸ ಜುಬ್ಬಾದ ತೋಳು ಮಡಚಿ, ತಮ್ಮ ಮನೆಯಲ್ಲೇ ಇದ್ದಂಥ ಧೈರ್ಯದಲ್ಲಿ ಕೂತರು. ಮಾಮಿ ವಿಠ್ಠಲನ ಹಾಡೊಂದನ್ನು ಎತ್ತಿಕೊಂಡರು.

ತಾಳದ ಮೊದಲ ಪೆಟ್ಟು 'ಧಾ'. ಎರಡೂ ಕೈ ಒಟ್ಟಿಗೆ ಬಿದ್ದರೆ ಮಾತ್ರ ಅದು ಧಾ. ಎಡಗೈ ಠಕ್ಕನೆ ಬಿತ್ತು. ಬಲಗೈ ಇನ್ನೂ ಗಾಳಿಯಲ್ಲಿತ್ತು. ಒಂದು ಪೆಟ್ಟು ಎರಡಾಗಿ ಒಡೆದು ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಸೆಕ್ರೆಟರಿಯ ಬೆರಳು ಡಬ್ಬಿಯ ಗುಂಡಿಯ ಮೇಲೆ ಹೋಯಿತು. ಎರಡನೇ ಸುತ್ತಿಗೂ ಅದೇ ಆಯಿತು. ಮಾಮಾನ ಹಣೆಯಲ್ಲಿ ಬೆವರು ಕಾಣಿಸಿತು. ನಾನು ತಲೆ ತಗ್ಗಿಸಿದೆ.

ಮೂರನೇ ಸುತ್ತಿಗೆ ಮಾಮಿ ಸಾಲಿನ ಕೊನೆಯ ಪದವನ್ನು ಬಿಡಲಿಲ್ಲ. ಎಳೆದರು. ಕತ್ತಿನ ನರ ಉಬ್ಬುವವರೆಗೆ ಎಳೆದು, ಬಲಗೈ ಕೆಳಗೆ ಬರುವುದನ್ನೇ ನೋಡುತ್ತ, ಅದು ಡಗ್ಗಾವನ್ನು ಮುಟ್ಟಿದ ಕ್ಷಣಕ್ಕೆ ಸರಿಯಾಗಿ ದೇವರ ಹೆಸರನ್ನು ಅದರ ಮೇಲಿಟ್ಟರು. ಮುಂದಿನ ಸಾಲಿಗೂ ಹಾಗೆಯೇ. ಹುಟ್ಟಿನಿಂದ ಓಡಿಕೊಂಡೇ ಹಾಡಿದ ಹೆಂಗಸು ಅಂದು ಒಂದು ಕೈಗಾಗಿ ಕಾದು ನಿಂತಿದ್ದರು. ಐದನೇ ಸಾಲಿಗೋ ಆರನೇ ಸಾಲಿಗೋ ಮಾಮಾನ ಎಡಗೈಯೂ ಕಾಯುವುದನ್ನು ಕಲಿಯಿತು. ಎರಡೂ ಕೈ ಒಟ್ಟಿಗೆ ಇಳಿದವು. ಧಾ! ತುಂಬಿದ, ಇಡಿಯಾದ ಧಾ. ನನಗೆ ಅಳು ತಡೆಯಲಾಗಲಿಲ್ಲ. ಸೆಕ್ರೆಟರಿ ಗುಂಡಿಯನ್ನು ಮರೆತು ತಾಳ ಹಾಕುತ್ತಿದ್ದರು.

ಮುಗಿದ ಮೇಲೆ ಹೊರಗೆ ಆಟೋಗಾಗಿ ನಿಂತಾಗ ಮಾಮಾ ಕೇಳಿದರು: "ಇವತ್ತ ಯಾಕ ಇಷ್ಟು ನಿಧಾನ ಹಾಡಿದಿ?"

"ವಯಸ್ಸಾತಲ್ಲ, ದಮ್ಮು ಸಾಲಂಗಿಲ್ಲ" ಎಂದರು ಮಾಮಿ, ಎಲ್ಲೋ ನೋಡುತ್ತ.

ಕಾಯಿಲೆ ಬಿದ್ದಂದಿನಿಂದ ಮಾಮಾ ಬಲಗೈಯನ್ನು ನಾಲ್ಕು ಜನರೆದುರು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಆಟೋ ಬಂದು ನಿಂತಾಗ ಆ ಕೈಯನ್ನೇ, ನಿಧಾನವಾಗಿ, ಮಾಮಿಯ ಮುಂದೆ ಚಾಚಿ, "ಹಿಡಕೊ" ಎಂದರು.